ವರ್ಗ ಇರುವ ಸಮೀಕರಣ ಬಿಡಿಸುವುದು ಹೇಗೆ: ಎರಡನೇ ಉತ್ತರ ಕೈತಪ್ಪದ ಹಾಗೆ

ಯ² = 49

ಈ ಸಾಲು ನೋಡಿದ ಕೂಡಲೇ ‘ಏಳು’ ಎನ್ನುವವರೇ ಜಾಸ್ತಿ. ಏಳು ತಪ್ಪಲ್ಲ, ಆದರೆ ಅದು ಅರ್ಧ ಉತ್ತರ. ಮೈನಸ್ ಏಳನ್ನು ಮೈನಸ್ ಏಳರಿಂದ ಗುಣಿಸಿದರೂ 49 ಬರುತ್ತದೆ, ಅಲ್ವಾ? ಹಾಗಾಗಿ ಉತ್ತರ ಎರಡು: 7 ಮತ್ತು −7.

ವರ್ಗ ಇರುವ ಸಮೀಕರಣಗಳಲ್ಲಿ ಕೂಡು-ಕಳೆ ತಪ್ಪುವುದಕ್ಕಿಂತ ಉತ್ತರವೊಂದು ಸದ್ದಿಲ್ಲದೆ ಕಳೆದುಹೋಗುವುದೇ ಹೆಚ್ಚು. ಲೆಕ್ಕವೆಲ್ಲ ಸರಿಯಾಗಿಯೇ ಕಾಣುತ್ತದೆ, ತಾಳೆಯೂ ಆಗುತ್ತದೆ, ಆದರೆ ಒಂದು ಉತ್ತರ ಮಾತ್ರ ಕೈಯಲ್ಲಿರುತ್ತದೆ. ಅದು ಯಾವ ಹೆಜ್ಜೆಯಲ್ಲಿ ಕಳೆದುಹೋಗುತ್ತದೆ ಎಂದು ಗೊತ್ತಾದರೆ ಈ ಪಾಠದ ಮುಕ್ಕಾಲು ಭಾಗ ಮುಗಿದಂತೆ. ಅದನ್ನೇ ಕಣ್ಣಮುಂದೆ ಇಟ್ಟುಕೊಂಡು ಸುಲಭದ್ದರಿಂದ ಶುರು ಮಾಡೋಣ.

ಮೊದಲು ಬರವಣಿಗೆಯ ಬಗ್ಗೆ ಒಂದು ಮಾತು. ಪಠ್ಯಪುಸ್ತಕದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ಎಕ್ಸ್ ಎಂದು ಬರೆಯುತ್ತಾರೆ. ನಾನು ಇಲ್ಲಿ ‘ಯ’ ಎಂದು ಬರೆಯುತ್ತೇನೆ. 12ನೇ ಶತಮಾನದ ಭಾಸ್ಕರಾಚಾರ್ಯರು ಇದೇ ಜಾಗದಲ್ಲಿ ‘ಯಾ’ ಎಂದು ಬರೆಯುತ್ತಿದ್ದರು. ಯ² ಎಂದರೆ ಯ × ಯ, ಅಷ್ಟೇ. ಯ × 2 ಅಲ್ಲ. 5² ಎಂದರೆ 25, 10 ಅಲ್ಲ.

ಮೊದಲ ಲೆಕ್ಕ, ನಿಧಾನವಾಗಿ

3ಯ² − 12 = 63

ಬಿಡಿಸುವ ಮುಂಚೆ ಎಡಗಡೆ ಏನಾಗಿದೆ ಎಂದು ಓದಿಕೊಳ್ಳಿ. ಯಾವುದೋ ಒಂದು ಸಂಖ್ಯೆ ಇದೆ. ಮೊದಲು ಅದನ್ನು ವರ್ಗ ಮಾಡಿದ್ದಾರೆ. ಆಮೇಲೆ 3ರಿಂದ ಗುಣಿಸಿದ್ದಾರೆ. ಕೊನೆಗೆ 12 ಕಳೆದಿದ್ದಾರೆ. ಆಗ 63 ಬಂದಿದೆ.

ನಾವು ಹಿಂದಕ್ಕೆ ಹೋಗಬೇಕು. ಗಂಟಿನ ಮೇಲೆ ಗಂಟು ಹಾಕಿದ್ದರೆ ಬಿಚ್ಚುವಾಗ ಕೊನೆಯಲ್ಲಿ ಹಾಕಿದ ಗಂಟನ್ನೇ ಮೊದಲು ಬಿಚ್ಚಬೇಕಲ್ವಾ, ಇಲ್ಲೂ ಹಾಗೇ. ಕೊನೆಯಲ್ಲಿ 12 ಕಳೆದಿದ್ದಾರೆ, ಆದ್ದರಿಂದ ಮೊದಲು 12 ಕೂಡಿಸಿ. ಅದಕ್ಕಿಂತ ಮುಂಚೆ 3ರಿಂದ ಗುಣಿಸಿದ್ದಾರೆ, ಆದ್ದರಿಂದ ಆಮೇಲೆ 3ರಿಂದ ಭಾಗಿಸಿ. ವರ್ಗವನ್ನು ಬಿಡಿಸುವುದು ಎಲ್ಲಕ್ಕಿಂತ ಕೊನೆಗೆ.

ಹೆಜ್ಜೆ 1. ಎರಡೂ ಕಡೆಗೆ 12 ಕೂಡಿಸಿ.

3ಯ² = 75

ಹೆಜ್ಜೆ 2. ಎರಡೂ ಕಡೆಯನ್ನು 3ರಿಂದ ಭಾಗಿಸಿ.

ಯ² = 25

ಹೆಜ್ಜೆ 3. ವರ್ಗಮೂಲ ತೆಗೆಯಿರಿ, ಎರಡೂ ಚಿಹ್ನೆಗಳನ್ನು ಬರೆಯಿರಿ.

ಯ = ±5

ಹೆಜ್ಜೆ 4. ಎರಡನ್ನೂ ಮೂಲ ಸಮೀಕರಣಕ್ಕೆ ಹಾಕಿ ತಾಳೆ ನೋಡಿ.

ಯ = 5 ಆದರೆ: 3 × 25 − 12 = 75 − 12 = 63. ಸರಿ.
ಯ = −5 ಆದರೆ: (−5)² = 25, ಆದ್ದರಿಂದ 3 × 25 − 12 = 63. ಇದೂ ಸರಿ.

‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂದು ಬಾಯಿಪಾಠ ಮಾಡಿದವರು ಹೆಜ್ಜೆ 1ರಲ್ಲಿ ಎಡವುವುದಿಲ್ಲ, ಹೆಜ್ಜೆ 2ರಲ್ಲಿ ಎಡವುತ್ತಾರೆ. 3ಯ² = 75 ಎಂಬಲ್ಲಿ 3ನ್ನು ಆ ಕಡೆ ಕಳಿಸಿ 75 − 3 ಎಂದೋ, 75 ÷ (−3) ಎಂದೋ ಬರೆದುಬಿಡುತ್ತಾರೆ. ಪಕ್ಷಾಂತರದ ಆ ಸೂತ್ರ ಕೆಲಸ ಬೇಗ ಮುಗಿಸಲು ಚೆನ್ನಾಗಿದೆ. ಆದರೆ ಕಲಿಯುವ ಹಂತದಲ್ಲಿ ‘ಎರಡೂ ಕಡೆಗೆ ಒಂದೇ ಕೆಲಸ ಮಾಡಿದೆ’ ಎಂದು ಪ್ರತಿ ಸಾಲಿನ ಪಕ್ಕ ಬರೆಯುವುದೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೂಡಿಸಿದ್ದನ್ನು ಕಳೆಯುವುದು ಬಿಡಿಸುತ್ತದೆ, ಗುಣಿಸಿದ್ದನ್ನು ಭಾಗಿಸುವುದು ಬಿಡಿಸುತ್ತದೆ. 3 ಇಲ್ಲಿ ಯ²ಕ್ಕೆ ಗುಣಾಕಾರದಲ್ಲಿ ಅಂಟಿಕೊಂಡಿದೆ. ಅದನ್ನು ತೆಗೆಯಲು ಭಾಗಾಕಾರವೇ ಬೇಕು.

ಇನ್ನು ಕೆಲವರಿಗೆ ವರ್ಗಮೂಲ ತೆಗೆಯಲು ಅವಸರ. 3ಯ² − 12 = 63 ಎಂಬಲ್ಲೇ ತೆಗೆಯಲು ಹೊರಟರೆ ಎಡಗಡೆ √(3ಯ² − 12) ಆಗುತ್ತದೆ, ಅದನ್ನು ಬಿಡಿಬಿಡಿಯಾಗಿ ಒಡೆಯಲು ಬರುವುದಿಲ್ಲ. ಯಾಕೆ ಎನ್ನುವುದಕ್ಕೆ ಚಿಕ್ಕ ಪರೀಕ್ಷೆ ಇದೆ. √(9 + 16) ಅಂದರೆ √25, ಅಂದರೆ 5. ಅದನ್ನೇ √9 + √16 ಎಂದು ಒಡೆದರೆ 3 + 4 = 7 ಬರುತ್ತದೆ. ಐದು ಏಳಾಗುವುದಿಲ್ಲ. ಕೂಡುವ, ಕಳೆಯುವ ಚಿಹ್ನೆಯ ಮೇಲೆ ವರ್ಗಮೂಲವನ್ನು ಹಂಚಲು ಬರುವುದಿಲ್ಲ. ಯ² ಒಂಟಿಯಾಗಿ ನಿಲ್ಲುವವರೆಗೆ ಕಾಯಬೇಕು.

± ಯಾಕೆ ಬರುತ್ತದೆ, √ ಒಳಗೆ ಯಾಕೆ ಇಲ್ಲ

ಇಲ್ಲಿ ತುಂಬಾ ಜನರಿಗೆ ಗೊಂದಲ. √25 ಎಷ್ಟು? 5 ಮಾತ್ರ. √ ಚಿಹ್ನೆಗೆ ಗಣಿತದಲ್ಲಿ ಇರುವ ಅರ್ಥವೇ ‘ಋಣವಲ್ಲದ ವರ್ಗಮೂಲ’ ಎಂದು. ಹಾಗಿದ್ದರೆ ಯ² = 25 ಎಂಬಲ್ಲಿ −5 ಎಲ್ಲಿಂದ ಬಂತು?

ಪ್ರಶ್ನೆ ಬೇರೆ ಇದ್ದುದರಿಂದ ಬಂತು. √25 ಎಂದರೆ ‘ಈ ಒಂದು ಸಂಖ್ಯೆ ಹೇಳು’ ಎಂದು ಕೇಳಿದ ಹಾಗೆ. ಯ² = 25 ಎಂದರೆ ‘ವರ್ಗ ಮಾಡಿದಾಗ 25 ಬರುವ ಎಲ್ಲ ಸಂಖ್ಯೆಗಳನ್ನೂ ಹೇಳು’ ಎಂದು ಕೇಳಿದ ಹಾಗೆ. ವರ್ಗ ಮಾಡುವಾಗ ಮೈನಸ್ ಚಿಹ್ನೆ ಅಳಿಸಿಹೋಗುತ್ತದೆ. 25ನ್ನು ನೋಡಿ ಅದು 5ರಿಂದ ಬಂತೋ −5ರಿಂದ ಬಂತೋ ಹೇಳಲು ಸಾಧ್ಯವಿಲ್ಲ. ಹೇಳಲಾಗದ ಮೇಲೆ ಎರಡನ್ನೂ ಬರೆಯಬೇಕು. ± ಚಿಹ್ನೆಯನ್ನು ಬರೆಯುವುದು ನಾವು, √ ಚಿಹ್ನೆ ಅಲ್ಲ.

ಹಾಗಾದರೆ ಮೂರನೆಯ ಉತ್ತರ ಇರಬಹುದಾ? ಇಲ್ಲ. ಯ² = 25 ಎಂಬುದನ್ನು ಹೀಗೆ ಬರೆಯಿರಿ:

ಯ² − 25 = 0
(ಯ − 5)(ಯ + 5) = 0

ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆ ಆಗಬೇಕಾದರೆ ಅವುಗಳಲ್ಲಿ ಒಂದಾದರೂ ಸೊನ್ನೆ ಇರಲೇಬೇಕು. ಮೊದಲ ಆವರಣ ಸೊನ್ನೆಯಾದರೆ ಯ = 5. ಎರಡನೆಯದು ಸೊನ್ನೆಯಾದರೆ ಯ = −5. ಬೇರೆ ದಾರಿ ಇಲ್ಲ. ಈ ಸೊನ್ನೆಯ ನಿಯಮವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಕ್ಯಾಲ್ಕ್ಯುಲೇಟರ್ ಹಿಡಿದು ತಾಳೆ ನೋಡುವವರಿಗೆ ಒಂದು ಎಚ್ಚರಿಕೆ. −5² ಎಂದು ಆವರಣವಿಲ್ಲದೆ ಒತ್ತಿದರೆ ಎಷ್ಟೋ ಯಂತ್ರಗಳು −25 ತೋರಿಸುತ್ತವೆ. ಯಂತ್ರದ ತಪ್ಪಲ್ಲ ಅದು. ಮೊದಲು 5ರ ವರ್ಗ, ಆಮೇಲೆ ಮೈನಸ್ ಎಂಬುದು ಗಣಿತದ ಕ್ರಮ. (−5)² ಎಂದು ಆವರಣ ಹಾಕಿ ಒತ್ತಿ, 25 ಬರುತ್ತದೆ. ಕಾಗದದ ಮೇಲೂ ಅಷ್ಟೇ, ಋಣ ಸಂಖ್ಯೆಯನ್ನು ಆವರಣ ಇಲ್ಲದೆ ವರ್ಗ ಮಾಡಬೇಡಿ.

ಬಲಗಡೆ ಏನು ಉಳಿಯುತ್ತದೆ ಎಂಬುದರ ಮೇಲೆ

ಯ² ಒಂಟಿಯಾದ ಮೇಲೆ ಬಲಗಡೆ ಧನ ಸಂಖ್ಯೆ ಇದ್ದರೆ ಉತ್ತರ ಎರಡು. ಸೊನ್ನೆ ಇದ್ದರೆ ಒಂದೇ ಉತ್ತರ, ಯ = 0, ಏಕೆಂದರೆ ಪ್ಲಸ್ ಸೊನ್ನೆಯೂ ಮೈನಸ್ ಸೊನ್ನೆಯೂ ಒಂದೇ. ಋಣ ಸಂಖ್ಯೆ ಇದ್ದರೆ ವಾಸ್ತವ ಸಂಖ್ಯೆಗಳಲ್ಲಿ ಉತ್ತರ ಇಲ್ಲ.

ಉದಾಹರಣೆಗೆ 2ಯ² + 18 = 0. ಬಿಡಿಸಿದರೆ ಯ² = −9. ಯಾವ ವಾಸ್ತವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ ಮೈನಸ್ ಬರುವುದಿಲ್ಲ. ಇಲ್ಲಿ ‘−3’ ಎಂದು ಬರೆಯುವವರು ಬಹಳ. ತಾಳೆ ನೋಡಿ: (−3)² = 9, −9 ಅಲ್ಲ. ಭಾಸ್ಕರಾಚಾರ್ಯರು ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ: ಧನ ಸಂಖ್ಯೆಗೆ ಧನ, ಋಣ ಎಂದು ಎರಡು ವರ್ಗಮೂಲ, ಋಣ ಸಂಖ್ಯೆಗೆ ವರ್ಗಮೂಲ ಇಲ್ಲ, ಏಕೆಂದರೆ ಅದು ಯಾವುದರ ವರ್ಗವೂ ಅಲ್ಲ. ಮುಂದಿನ ತರಗತಿಗಳಲ್ಲಿ ಊಹಾ ಸಂಖ್ಯೆಗಳು ಬಂದಾಗ ಈ ಬಾಗಿಲೂ ತೆರೆಯುತ್ತದೆ. ಅಲ್ಲಿಯವರೆಗೆ ‘ವಾಸ್ತವ ಉತ್ತರ ಇಲ್ಲ’ ಎಂದು ಬರೆಯುವುದೇ ಪೂರ್ಣ ಉತ್ತರ.

ಇದನ್ನು ಚಿತ್ರದಲ್ಲಿ ನೋಡಬೇಕೆಂದರೆ ಗ್ರಾಫ್ ಹಾಳೆಯಲ್ಲಿ ಯ² ಬೆಲೆಗಳನ್ನು ಗುರುತಿಸಿ. ಬಟ್ಟಲಿನ ಆಕಾರದ ಪರವಲಯ ಬರುತ್ತದೆ, ಎಡ ಬಲ ಒಂದೇ ಥರ. 25ರ ಎತ್ತರದಲ್ಲಿ ಅಡ್ಡಗೆರೆ ಎಳೆದರೆ ಅದು ಬಟ್ಟಲನ್ನು ಎರಡು ಕಡೆ ಕತ್ತರಿಸುತ್ತದೆ. ಸೊನ್ನೆಯ ಎತ್ತರದ ಗೆರೆ ತಳವನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ. ಅದಕ್ಕಿಂತ ಕೆಳಗಿನ ಗೆರೆ ಮುಟ್ಟುವುದೇ ಇಲ್ಲ.

ಪೂರ್ಣ ವರ್ಗ ಬರದಿದ್ದರೆ

5ಯ² − 4 = 86

4 ಕೂಡಿಸಿ: 5ಯ² = 90. 5ರಿಂದ ಭಾಗಿಸಿ: ಯ² = 18.

18 ಯಾವ ಪೂರ್ಣಾಂಕದ ವರ್ಗವೂ ಅಲ್ಲ. ಇಲ್ಲಿ ‘ಎಲ್ಲೋ ತಪ್ಪಾಯ್ತು’ ಎಂದು ಲೆಕ್ಕವನ್ನೇ ಹೊಡೆದುಹಾಕಬೇಡಿ. ಯ = ±√18 ಎಂಬುದು ನಿಖರವಾದ ಉತ್ತರ. 18 = 9 × 2 ಆದ್ದರಿಂದ ಅದನ್ನು ±3√2 ಎಂದು ಚಿಕ್ಕದು ಮಾಡಬಹುದು. ಗುಣಾಕಾರದ ಮೇಲೆ ವರ್ಗಮೂಲ ಹಂಚಬಹುದು, ಕೂಡುವುದರ ಮೇಲೆ ಮಾತ್ರ ಆಗದು.

ದಶಮಾಂಶದಲ್ಲಿ ಬೇಕು, ಕ್ಯಾಲ್ಕ್ಯುಲೇಟರ್ ಇಲ್ಲ ಎಂದರೆ ಒಂದು ಸೊಗಸಾದ ಉಪಾಯ ಇದೆ. √18 ಸುಮಾರು 4 ಎಂದು ಊಹಿಸಿ. 18ನ್ನು 4ರಿಂದ ಭಾಗಿಸಿದರೆ 4.5. ನಿಜವಾದ ಬೆಲೆ 4 ಮತ್ತು 4.5ರ ನಡುವೆ ಎಲ್ಲೋ ಇದೆ. ಸರಾಸರಿ ತೆಗೆಯಿರಿ: 4.25. ಮತ್ತೆ ಅದೇ ಕೆಲಸ: 18 ÷ 4.25 ಸುಮಾರು 4.2353. ಎರಡರ ಸರಾಸರಿ 4.2426. ಎರಡೇ ಸುತ್ತಿನಲ್ಲಿ ನಾಲ್ಕು ದಶಮಾಂಶ ಸ್ಥಾನಗಳವರೆಗೆ ಸರಿಯಾದ ಬೆಲೆ ಸಿಕ್ಕಿತು. ಊಹೆ ಚಿಕ್ಕದಾಗಿದ್ದರೆ ಭಾಗಲಬ್ಧ ದೊಡ್ಡದಾಗುತ್ತದೆ, ಊಹೆ ದೊಡ್ಡದಾಗಿದ್ದರೆ ಭಾಗಲಬ್ಧ ಚಿಕ್ಕದಾಗುತ್ತದೆ. ಆದ್ದರಿಂದಲೇ ಸರಾಸರಿ ಅಷ್ಟು ಬೇಗ ಗುರಿ ಮುಟ್ಟುತ್ತದೆ. ವರ್ಗಮೂಲದ ಈ ಹುಡುಕಾಟ ಹೊಸದೇನಲ್ಲ. ಸುಮಾರು ಕ್ರಿ.ಪೂ. 1800ರಿಂದ 1600ರ ನಡುವಿನ ಬ್ಯಾಬಿಲೋನಿಯದ ಮಣ್ಣಿನ ಫಲಕವೊಂದು ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅದರ ಮೇಲೆ √2ರ ಬೆಲೆಯನ್ನು ಐದು ದಶಮಾಂಶ ಸ್ಥಾನಗಳವರೆಗೆ ಸರಿಯಾಗಿ ಕೆತ್ತಿದ್ದಾರೆ.

ಎರಡೂ ಕಡೆ ಯ² ಇದ್ದರೆ

ಇದು ಹೊಸದಾಗಿ ಕಂಡರೂ ಹೊಸ ಕೆಲಸ ಏನೂ ಇಲ್ಲ. 5ಯ² − 7 = 2ಯ² + 20 ಎಂದಿದ್ದರೆ ಎರಡೂ ಕಡೆಯಿಂದ 2ಯ² ಕಳೆಯಿರಿ, 7 ಕೂಡಿಸಿ. 3ಯ² = 27, ಯ² = 9, ಯ = ±3. ಮುಂದೆ ಹೋಗೋಣ.

ಆವರಣ ಇದ್ದರೆ ಬಿಡಿಸಲು ಅವಸರ ಬೇಡ

2(ಯ + 1)² − 8 = 42

ಆವರಣ ಕಂಡ ಕೂಡಲೇ ಬಿಡಿಸಿ ಬರೆಯುವ ಅಭ್ಯಾಸ ನಮಗೆ. ಇಲ್ಲಿ ಹಾಗೆ ಮಾಡಿದರೆ ಸುಮ್ನೆ ಕೆಲಸ ಜಾಸ್ತಿ. (ಯ + 1) ಎಂಬುದನ್ನೇ ಒಂದು ಇಡೀ ಸಂಖ್ಯೆ ಎಂದುಕೊಳ್ಳಿ. ಆಗ ಇದು ನಾವು ಮೊದಲು ಬಿಡಿಸಿದ ಲೆಕ್ಕವೇ.

2(ಯ + 1)² = 50
(ಯ + 1)² = 25
ಯ + 1 = ±5

ಈಗ ಎರಡು ಪುಟ್ಟ ಸಮೀಕರಣಗಳು. ಯ + 1 = 5 ಆದರೆ ಯ = 4. ಯ + 1 = −5 ಆದರೆ ಯ = −6. ಗಮನಿಸಿ, ಉತ್ತರ ±4 ಅಲ್ಲ. ± ಚಿಹ್ನೆ 5ರ ಮುಂದೆ ಬರುತ್ತದೆ, 1ನ್ನು ಕಳೆಯುವುದು ಆಮೇಲೆ. ಈ ಜಾಗದಲ್ಲಿ ಎರಡು ಸಾಲಾಗಿ ಬಿಡಿಸಿ ಬರೆಯುವುದು ಕ್ಷೇಮ.

ಆವರಣ ಎಲ್ಲಿದೆ ಎಂಬುದನ್ನೂ ನೋಡಿ. 3ಯ² = 36 ಮತ್ತು (3ಯ)² = 36 ಒಂದೇ ಅಲ್ಲ. ಮೊದಲನೆಯದರಲ್ಲಿ ವರ್ಗ ಯ ಒಂದಕ್ಕೇ: ಯ² = 12, ಯ = ±2√3. ಎರಡನೆಯದರಲ್ಲಿ 3 ಸಹ ವರ್ಗದೊಳಗಿದೆ: 3ಯ = ±6, ಯ = ±2.

ಉತ್ತರ ಕಳೆದುಹೋಗುವ ಇನ್ನೊಂದು ಜಾಗ

ಯ² = 5ಯ

ಇದನ್ನು ನೋಡಿದವರು ಎರಡೂ ಕಡೆ ಯದಿಂದ ಭಾಗಿಸಿ ‘ಯ = 5’ ಎಂದುಬಿಡುತ್ತಾರೆ. ತಾಳೆ ನೋಡಿದರೂ ಸರಿ ಬರುತ್ತದೆ: 25 = 25. ಆದರೆ ಯ = 0 ಹಾಕಿ ನೋಡಿ. 0 = 0. ಅದೂ ಉತ್ತರವೇ!

ಯದಿಂದ ಭಾಗಿಸಿದಾಗ ‘ಯ ಸೊನ್ನೆಯಲ್ಲ’ ಎಂದು ಹೇಳದೆಯೇ ಒಪ್ಪಿಕೊಂಡುಬಿಟ್ಟೆವು, ಏಕೆಂದರೆ ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಹೀಗೆ ಸೊನ್ನೆಯನ್ನು ನಾವೇ ಹೊರಗೆ ಹಾಕಿದೆವು. ಬೆಲೆ ಗೊತ್ತಿಲ್ಲದ ಸಂಖ್ಯೆಯಿಂದ ಯಾವತ್ತೂ ಭಾಗಿಸಬೇಡಿ. ಬದಲಿಗೆ ಎಲ್ಲವನ್ನೂ ಒಂದೇ ಕಡೆಗೆ ತನ್ನಿ.

ಯ² − 5ಯ = 0
ಯ(ಯ − 5) = 0

ಸೊನ್ನೆಯ ನಿಯಮ ಇಲ್ಲಿ ಮತ್ತೆ ಕೈಹಿಡಿಯುತ್ತದೆ. ಯ = 0, ಇಲ್ಲವೇ ಯ = 5.

ಯ² ಮತ್ತು ಯ ಎರಡೂ ಇದ್ದಾಗ

ಇಲ್ಲಿಯವರೆಗಿನ ಬಹುತೇಕ ಲೆಕ್ಕಗಳು ಶುದ್ಧ ವರ್ಗ ಸಮೀಕರಣಗಳು, ಅಂದರೆ ಯ² ಮಾತ್ರ ಇರುವವು. ಯ² ಜೊತೆ ಯ ಕೂಡ, ಬಿಡಿ ಸಂಖ್ಯೆಯೂ ಇದ್ದರೆ ‘ಒಂಟಿಯಾಗಿ ನಿಲ್ಲಿಸಿ ವರ್ಗಮೂಲ ತೆಗೆ’ ಎಂಬ ದಾರಿ ನೇರವಾಗಿ ನಡೆಯುವುದಿಲ್ಲ.

ಸಂಖ್ಯೆಗಳು ಚಿಕ್ಕವಾಗಿದ್ದರೆ ಅಪವರ್ತನ ಸಾಕು. ಯ² − 7ಯ + 12 = 0 ಎಂದಿದ್ದರೆ, ಗುಣಿಸಿದಾಗ 12 ಬರುವ, ಕೂಡಿಸಿದಾಗ −7 ಬರುವ ಎರಡು ಸಂಖ್ಯೆ ಹುಡುಕಿ: −3 ಮತ್ತು −4. ಆಗ (ಯ − 3)(ಯ − 4) = 0, ಯ = 3 ಅಥವಾ 4. ಸ್ವಲ್ಪ ಹೊತ್ತು ಹುಡುಕಿದರೂ ಜೋಡಿ ಸಿಗಲಿಲ್ಲವೆಂದರೆ ಅಲ್ಲೇ ಒದ್ದಾಡಬೇಡಿ. ಎಲ್ಲ ಸಮೀಕರಣಗಳೂ ಇಷ್ಟು ಸುಲಭವಾಗಿ ಒಡೆಯುವುದಿಲ್ಲ. ಎಲ್ಲದಕ್ಕೂ ನಡೆಯುವ ವಿಧಾನವೆಂದರೆ ವರ್ಗ ಪೂರ್ಣಗೊಳಿಸುವುದು. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಅದೇ, ಏಕೆಂದರೆ ಅದನ್ನು ಕಣ್ಣಾರೆ ನೋಡಬಹುದು.

9ನೇ ಶತಮಾನದಲ್ಲಿ ಬಾಗ್ದಾದ್‌ನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿ ತೆಗೆದುಕೊಂಡ ಲೆಕ್ಕ ಇದು:

ಯ² + 10ಯ = 39

ಒಂದು ಕಾಗದ ತೆಗೆದುಕೊಳ್ಳಿ. ಯ ಉದ್ದದ ಬಾಹು ಇರುವ ಚೌಕ ಬರೆಯಿರಿ. ಅದರ ವಿಸ್ತೀರ್ಣ ಯ². ಇನ್ನು 10ಯ ಉಳಿದಿದೆ. ಅದು ಯ ಉದ್ದ, 10 ಅಗಲದ ಆಯತ. ಆ ಆಯತವನ್ನು ಉದ್ದಕ್ಕೆ ಸೀಳಿ ಎರಡು ಪಟ್ಟಿ ಮಾಡಿ, ಪ್ರತಿಯೊಂದರ ಅಗಲ 5. ಒಂದು ಪಟ್ಟಿಯನ್ನು ಚೌಕದ ಬಲಕ್ಕೆ ಅಂಟಿಸಿ, ಇನ್ನೊಂದನ್ನು ಕೆಳಕ್ಕೆ. ಈಗ ಚಿತ್ರ ನೋಡಿ. ಹೆಚ್ಚುಕಡಿಮೆ ದೊಡ್ಡ ಚೌಕವೇ ಆಗಿದೆ, ಬಲ ಕೆಳಮೂಲೆಯಲ್ಲಿ ಮಾತ್ರ ಒಂದು ಖಾಲಿ ಜಾಗ. ಆ ಜಾಗ 5 ಉದ್ದ, 5 ಅಗಲ. ಅದನ್ನು ತುಂಬಲು 25 ಬೇಕು.

ಎಡಗಡೆಗೆ 25 ಸೇರಿಸಿದರೆ ಬಲಗಡೆಗೂ 25 ಸೇರಿಸಬೇಕು.

ಯ² + 10ಯ + 25 = 39 + 25
(ಯ + 5)² = 64
ಯ + 5 = ±8

ಯ = 3, ಇಲ್ಲವೇ ಯ = −13.

ತಾಳೆ: 9 + 30 = 39. ಮತ್ತು (−13)² + 10 × (−13) = 169 − 130 = 39. ಎರಡೂ ಸರಿ.

ಅಲ್ ಖ್ವಾರಿಜ್ಮಿ ಕೊಟ್ಟ ಉತ್ತರ 3 ಮಾತ್ರ. ಯ ಅವರಿಗೆ ಚೌಕದ ಬಾಹು, ಬಾಹುವಿನ ಉದ್ದ ಋಣವಾಗಿರಲು ಸಾಧ್ಯವಿಲ್ಲ. ಚಿತ್ರವೊಂದನ್ನೇ ನಂಬಿ ಹೊರಟರೆ −13 ಕಾಣುವುದೇ ಇಲ್ಲ, ಚಿಹ್ನೆಗಳಲ್ಲಿ ಬರೆದು ± ಹಾಕಿದಾಗ ಮಾತ್ರ ಕಾಣುತ್ತದೆ.

ನೆನಪಿಡಬೇಕಾದ್ದು ಇಷ್ಟೇ: ಯ ಮುಂದಿರುವ ಸಹಗುಣಕದ ಅರ್ಧ ತೆಗೆದು, ಅದನ್ನು ವರ್ಗ ಮಾಡಿ, ಎರಡೂ ಕಡೆಗೆ ಸೇರಿಸುವುದು. 10ರ ಅರ್ಧ 5, ಅದರ ವರ್ಗ 25. ಸಹಗುಣಕ −6 ಇದ್ದರೆ ಅರ್ಧ −3, ವರ್ಗ 9. ಮೈನಸ್ ಇದ್ದರೂ ಸೇರಿಸುವುದು ಧನ ಸಂಖ್ಯೆಯನ್ನೇ. ಆವರಣದೊಳಗೆ ಮಾತ್ರ (ಯ − 3)² ಎಂದು ಮೈನಸ್ ಬರುತ್ತದೆ.

ಯ² ಮುಂದೆ ಬೇರೆ ಸಂಖ್ಯೆ ಇದ್ದರೆ: ಶ್ರೀಧರಾಚಾರ್ಯರ ವಿಧಾನ

2ಯ² + 3ಯ = 5

ಮೇಲಿನ ದಾರಿಯಲ್ಲೇ ಹೋದರೆ ಮೊದಲು 2ರಿಂದ ಭಾಗಿಸಬೇಕು. ಆಗ 3/2, ಅದರ ಅರ್ಧ 3/4, ವರ್ಗ 9/16. ಭಿನ್ನರಾಶಿಗಳ ಕಾಟ ಶುರುವಾಗುತ್ತದೆ. ಶ್ರೀಧರಾಚಾರ್ಯರು ಇದಕ್ಕೆ ಜಾಣ ದಾರಿ ತೋರಿಸಿದ್ದಾರೆ. ಅವರ ಬೀಜಗಣಿತದ ಕೃತಿ ಉಳಿದಿಲ್ಲ, ಆದರೆ ಈ ಸೂತ್ರವನ್ನು ಭಾಸ್ಕರಾಚಾರ್ಯರು ಉಲ್ಲೇಖಿಸಿದ್ದರಿಂದ ನಮಗೆ ಸಿಕ್ಕಿದೆ. ಭಾಗಿಸುವ ಬದಲು ಗುಣಿಸಿ, ಅದೂ ಯ²ದ ಸಹಗುಣಕದ ನಾಲ್ಕರಷ್ಟರಿಂದ. ಆಮೇಲೆ ಯ ಮುಂದಿರುವ ಮೂಲ ಸಹಗುಣಕದ ವರ್ಗ ಸೇರಿಸಿ.

ಇಲ್ಲಿ ಯ²ದ ಸಹಗುಣಕ 2, ನಾಲ್ಕರಷ್ಟು 8. ಎರಡೂ ಕಡೆಯನ್ನು 8ರಿಂದ ಗುಣಿಸಿ.

16ಯ² + 24ಯ = 40

ಮೂಲದಲ್ಲಿ ಯ ಮುಂದೆ 3 ಇತ್ತು, ಅದರ ವರ್ಗ 9. ಸೇರಿಸಿ.

16ಯ² + 24ಯ + 9 = 49
(4ಯ + 3)² = 49
4ಯ + 3 = ±7

ಒಂದು ಕಡೆ 4ಯ = 4, ಯ = 1. ಇನ್ನೊಂದು ಕಡೆ 4ಯ = −10, ಯ = −5/2. ಭಿನ್ನರಾಶಿ ಬಂದದ್ದು ಕೊನೆಯ ಸಾಲಿನಲ್ಲಿ ಮಾತ್ರ. ತಾಳೆ: 2 + 3 = 5. ಇನ್ನೊಂದು, 2 × 25/4 − 15/2 = 12.5 − 7.5 = 5.

ಇದೇ ಹೆಜ್ಜೆಗಳನ್ನು ಸಂಖ್ಯೆಗಳ ಬದಲು ಅಕ್ಷರಗಳಿಂದ ಮಾಡಿದರೆ ಎಲ್ಲರೂ ಬಾಯಿಪಾಠ ಮಾಡುವ ಸೂತ್ರ ಸಿಗುತ್ತದೆ. ಅ × ಯ² + ಬ × ಯ + ಕ = 0 ಎಂಬ ಆದರ್ಶ ರೂಪದಲ್ಲಿ ಸಮೀಕರಣ ಇದ್ದರೆ (ಅ ಸೊನ್ನೆಯಾಗಿರಬಾರದು),

ಯ = [−ಬ ± √(ಬ² − 4 × ಅ × ಕ)] ÷ (2 × ಅ)

ಮೂಲದ ಒಳಗಿರುವ ಬ² − 4 × ಅ × ಕ ಎಂಬುದೇ ಶೋಧಕ. ಅದು ಧನವಾದರೆ ಎರಡು ಉತ್ತರ, ಸೊನ್ನೆಯಾದರೆ ಒಂದು, ಋಣವಾದರೆ ವಾಸ್ತವ ಉತ್ತರ ಇಲ್ಲ. ಮೇಲಿನ ಲೆಕ್ಕವನ್ನು 2ಯ² + 3ಯ − 5 = 0 ಎಂದು ಬರೆದು ಶೋಧಕ ತೆಗೆದರೆ 9 + 40 = 49. ನಾವು ಕೈಯಿಂದ ಮಾಡಿದಾಗ ಬಲಗಡೆ ಬಂದದ್ದೂ ಇದೇ 49. ಸೂತ್ರ ಹಾಕುವಾಗ ಹೆಚ್ಚು ತಪ್ಪಾಗುವುದು ಕ ಋಣವಾಗಿದ್ದಾಗ. −4 × 2 × (−5) ಎಂಬುದು +40, −40 ಅಲ್ಲ. ಅ, ಬ, ಕ ಬೆಲೆಗಳನ್ನು ಚಿಹ್ನೆ ಸಮೇತ ಪಕ್ಕದಲ್ಲಿ ಬರೆದುಕೊಂಡು ಆಮೇಲೆ ಹಾಕಿ.

ಸಂದರ್ಭ ನೋಡಿ ಉತ್ತರ ಬಿಡುವುದು

ಎತ್ತರದಿಂದ ಕಲ್ಲೊಂದನ್ನು ಕೈಬಿಟ್ಟರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ‘ಸ’ ಸೆಕೆಂಡುಗಳಲ್ಲಿ ಅದು ಸುಮಾರು 4.9 × ಸ² ಮೀಟರ್ ಬೀಳುತ್ತದೆ. 44.1 ಮೀಟರ್ ಬೀಳಲು ಎಷ್ಟು ಹೊತ್ತು?

4.9 × ಸ² = 44.1
ಸ² = 9
ಸ = ±3

ಕಲ್ಲು ಬಿಡುವುದಕ್ಕಿಂತ 3 ಸೆಕೆಂಡು ಮುಂಚೆ ಅದು ನೆಲ ಮುಟ್ಟುವುದಿಲ್ಲ. ಆದ್ದರಿಂದ ಉತ್ತರ 3 ಸೆಕೆಂಡು. ಇಲ್ಲಿ −3ನ್ನು ಬಿಟ್ಟದ್ದು ಕಾರಣ ಕೊಟ್ಟು. ಅದನ್ನು ಬರೆಯದೇ ಮರೆಯುವುದು ಬೇರೆ, ಬರೆದು, ಯೋಚಿಸಿ, ‘ಸಮಯ ಋಣವಾಗಿರದು’ ಎಂದು ಒಂದು ಸಾಲು ಹಾಕಿ ಬಿಡುವುದು ಬೇರೆ. ಪರೀಕ್ಷೆಯಲ್ಲಿ ಆ ಒಂದು ಸಾಲನ್ನು ತಪ್ಪದೆ ಬರೆಯಿರಿ.

ಇಲ್ಲದ ಉತ್ತರ ಬಂದು ಸೇರಿದರೆ

ಇದು ತಿರುವುಮುರುವಾದ ಸಮಸ್ಯೆ.

√(ಯ + 6) = ಯ

ಮೂಲದ ಚಿಹ್ನೆ ಹೋಗಬೇಕೆಂದರೆ ಎರಡೂ ಕಡೆ ವರ್ಗ ಮಾಡಬೇಕು. ಯ + 6 = ಯ², ಅಂದರೆ ಯ² − ಯ − 6 = 0, ಅಂದರೆ (ಯ − 3)(ಯ + 2) = 0. ಯ = 3 ಅಥವಾ −2.

ತಾಳೆ ನೋಡಿ. ಯ = 3: √9 = 3. ಸರಿ. ಯ = −2: √4 = 2, ಆದರೆ ಬಲಗಡೆ −2. ಸರಿಯಲ್ಲ! ವರ್ಗ ಮಾಡಿದಾಗ 2 ಮತ್ತು −2ರ ನಡುವಿನ ವ್ಯತ್ಯಾಸ ಅಳಿಸಿಹೋಯಿತು, ಆ ಸಂದಿಯಲ್ಲಿ ಸುಳ್ಳು ಉತ್ತರವೊಂದು ಒಳಗೆ ಬಂತು. ವರ್ಗಮೂಲ ತೆಗೆಯುವಾಗ ± ಮರೆತರೆ ನಿಜವಾದ ಉತ್ತರ ಹೋಗುತ್ತದೆ, ನಾವೇ ವರ್ಗ ಮಾಡಿದಾಗ ಸುಳ್ಳು ಉತ್ತರ ಬರಬಹುದು. ಎರಡಕ್ಕೂ ಕಾರಣ ಒಂದೇ, ಅಳಿಸಿಹೋದ ಮೈನಸ್. ಹೀಗಾಗಿ ಇಂಥ ಲೆಕ್ಕಗಳಲ್ಲಿ ತಾಳೆ ನೋಡುವುದು ಐಚ್ಛಿಕವಲ್ಲ, ಅದು ಬಿಡಿಸುವ ಕೆಲಸದ ಭಾಗವೇ. ಮತ್ತು ತಾಳೆ ನೋಡಬೇಕಾದ್ದು ಮೊದಲ ಸಾಲಿನಲ್ಲಿ, ವರ್ಗ ಮಾಡಿದ ನಂತರದ ಸಾಲಿನಲ್ಲಿ ಅಲ್ಲ. ಅಲ್ಲಿ −2 ಕೂಡ ಸರಿ ಎಂದೇ ತೋರುತ್ತದೆ.

ಕೈ ಪಳಗಲು ಕೆಲವು ಲೆಕ್ಕಗಳು

ಉತ್ತರ ನೋಡುವ ಮುಂಚೆ ಪ್ರತಿಯೊಂದನ್ನೂ ಪೂರ್ತಿ ಬಿಡಿಸಿ, ತಾಳೆಯನ್ನೂ ಬರೆಯಿರಿ.

1. 4ಯ² + 9 = 109
2. (2ಯ − 1)² = 49
3. 7ಯ² = 21ಯ
4. ಯ² + 8ಯ = 20
5. 3ಯ² + 2ಯ = 8
6. √(ಯ + 12) = ಯ

ಮೊದಲನೆಯದಕ್ಕೆ ±5. ಎರಡನೆಯದಕ್ಕೆ 4 ಮತ್ತು −3, ಆವರಣ ಬಿಡಿಸದೆ ಮಾಡಿದರೆ ನಾಲ್ಕೇ ಸಾಲು. ಮೂರನೆಯದಕ್ಕೆ 0 ಮತ್ತು 3, ನಿಮಗೆ 3 ಮಾತ್ರ ಬಂದಿದ್ದರೆ ಎಲ್ಲೋ ಯದಿಂದ ಭಾಗಿಸಿದ್ದೀರಿ. ನಾಲ್ಕನೆಯದಕ್ಕೆ ಎರಡೂ ಕಡೆ 16 ಸೇರಿಸಿದರೆ (ಯ + 4)² = 36, ಉತ್ತರ 2 ಮತ್ತು −10. ಐದನೆಯದನ್ನು 12ರಿಂದ ಗುಣಿಸಿ 4 ಸೇರಿಸಿದರೆ (6ಯ + 2)² = 100, ಉತ್ತರ 4/3 ಮತ್ತು −2. ಆರನೆಯದರಲ್ಲಿ 4 ಮತ್ತು −3 ಬರುತ್ತವೆ, ಮೂಲ ಸಮೀಕರಣದಲ್ಲಿ ತಾಳೆಯಾಗುವುದು 4 ಒಂದೇ.